ನಿರ್ದೇಶಕರ ನಡವಳಿ ಪುಸ್ತಕದಲ್ಲಿ ನಮ್ಮ ಮಳೆಗೆ ಜಾಗವಿದೆಯೇ?

ಮಲೆನಾಡಿನವರಿಗೆ ‘ನಿರ್ದೇಶಕ’ ಎಂಬ ಶಬ್ದ ಹೊಸದಲ್ಲ. ಊರಿಗೊಂದು ಸೇವಾ ಸಹಕಾರಿ ಸಂಘ, ಸಂಘಕ್ಕೊಂದು ಆಡಳಿತ ಮಂಡಳಿ, ಮಂಡಳಿಯಲ್ಲಿ ನಮ್ಮದೇ ಕೇರಿಯ ಒಬ್ಬಿಬ್ಬರು. ಬೆಳೆಸಾಲ ತಡವಾದರೆ, ಗೊಬ್ಬರದ ಚೀಲ ಬಾರದಿದ್ದರೆ, ಅವರನ್ನು ಸಂತೆಯಲ್ಲೋ ಮದುವೆಮನೆಯ ಪಂಕ್ತಿಯಲ್ಲೋ ಹಿಡಿದು ಕೇಳುತ್ತೇವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚು ಓದುವಾಗ ಹಿಂದಿನ ಬೆಂಚಿನಿಂದ ಒಬ್ಬರಾದರೂ ಎದ್ದು ನಿಲ್ಲದೆ ಸಭೆ ಮುಗಿದದ್ದು ಅಪರೂಪ. ಸಹಕಾರ ಸಂಘಗಳು ಮುಗ್ಗರಿಸಿದ್ದನ್ನೂ ನಾವು ಕಂಡಿದ್ದೇವೆ. ಆದರೆ ನಿರ್ದೇಶಕನಾದವನು ಎದುರು ನಿಂತು ಉತ್ತರ ಹೇಳಬೇಕೆಂಬ ರೂಢಿ ಮಾತ್ರ ನಮ್ಮಲ್ಲಿ ಅಳಿದಿಲ್ಲ.

ಹಾಗಿದ್ದರೆ ನಮ್ಮ ಹೊಳೆಯ ನೀರನ್ನು, ಗುಡ್ಡದ ಮಣ್ಣನ್ನು, ಈಗೀಗ ಮಳೆಯ ಗತಿಯನ್ನೇ ತೀರ್ಮಾನಿಸುತ್ತಿರುವ ದೊಡ್ಡ ಕಂಪನಿಗಳ ನಿರ್ದೇಶಕರು ಯಾರು? ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರನ್ನು ಯಾವ ಪಂಕ್ತಿಯಲ್ಲಿ ಹಿಡಿದು ಕೇಳೋಣ?

ಮಳೆಯ ಮಾತನ್ನು ನಾವು ಅಲಂಕಾರಕ್ಕಾಗಿ ಆಡುತ್ತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಅಂಚಿನ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ಆ ದಿನದ ವಯನಾಡಿನ ಮಳೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವು, ಹವಾಮಾನ ಬದಲಾವಣೆಯಿಂದಾಗಿ ಮಳೆಯ ಬಿರುಸು ಸುಮಾರು ಶೇಕಡ 10ರಷ್ಟು ಹೆಚ್ಚಿತ್ತೆಂದು ಹೇಳಿತು. ಇವುಗಳ ನಡುವೆ, 2023ರಲ್ಲಿ, ಮಳೆಯೇ ಕೈಕೊಟ್ಟು ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮೈಲುತುತ್ತ ಹೊಡೆಯಲು ನಾಲ್ಕು ದಿನದ ಹೊಳವು ಸಿಗದೆ ಕೊಳೆರೋಗ ತೋಟಕ್ಕೆ ನುಗ್ಗುವುದು, ಎಲೆಚುಕ್ಕಿ ರೋಗ ಒಂದು ಹೋಬಳಿಯಿಂದ ಇನ್ನೊಂದಕ್ಕೆ ದಾಟುವುದು — ಇವನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ನಮಗೆ ದೊರೆಯುವ ಉಪದೇಶವೇನು? ‘ಎಲ್ಲರೂ ಹೊಣೆಗಾರರು. ಒಂದು ಸಸಿ ನೆಡಿ. ಅನಗತ್ಯ ದೀಪ ಆರಿಸಿ.’ ಸಸಿ ನೆಡುವುದನ್ನು ನಮಗೆ ಕಲಿಸಬೇಕೇ? ಸೊಪ್ಪಿನಬೆಟ್ಟವನ್ನೂ ಕಾನನ್ನೂ ತಲೆಮಾರುಗಳಿಂದ ಕಾದವರಿಗೆ, ದಿನಕ್ಕೆ ಐದಾರು ತಾಸು ವಿದ್ಯುತ್ತೇ ಇಲ್ಲದ ಮನೆಯವರಿಗೆ ಈ ಉಪದೇಶ! ಒಂದು ಕಲ್ಲಿದ್ದಲು ಸ್ಥಾವರ ಕಟ್ಟಬೇಕೋ ಬೇಡವೋ, ಹಳೆಯದನ್ನು ಎಂದು ಮುಚ್ಚಬೇಕು, ಹತ್ತು ಸಾವಿರ ಕೋಟಿಯನ್ನು ಯಾವ ಕಾಡಿನೊಳಗೆ ಸುರಿಯಬೇಕು ಎಂಬ ನಿರ್ಣಯಗಳು ನಮ್ಮ ಅಡಿಗೆಮನೆಯಲ್ಲಿ ಆಗುವುದಿಲ್ಲ. ಹತ್ತು-ಹನ್ನೆರಡು ಜನ ಒಂದು ಮೇಜಿನ ಸುತ್ತ ಕುಳಿತು ಠರಾವು ಮಾಡುತ್ತಾರೆ. ಅದು ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಆಮೇಲೆ ಮೂವತ್ತು ನಲವತ್ತು ವರ್ಷ ಅದರ ಹೊಗೆಯನ್ನು ಜಗತ್ತು ಕುಡಿಯುತ್ತದೆ.

ಆ ಹತ್ತು-ಹನ್ನೆರಡು ಜನರ ಕರ್ತವ್ಯವೇನೆಂಬುದು ಕಾನೂನಿನಲ್ಲಿ ಆಗಲೇ ಬರೆದಿದೆ. 2013ರ ಕಂಪನಿ ಕಾಯ್ದೆಯ 166ನೇ ಕಲಮಿನ ಎರಡನೆಯ ಉಪಕಲಂ, ನಿರ್ದೇಶಕನು ಸದ್ಭಾವನೆಯಿಂದ ನಡೆದುಕೊಂಡು ಕಂಪನಿಯ, ಅದರ ನೌಕರರ, ಷೇರುದಾರರ ಮತ್ತು ಸಮುದಾಯದ ಹಿತಕ್ಕಾಗಿಯೂ ಪರಿಸರದ ರಕ್ಷಣೆಗಾಗಿಯೂ ಕೆಲಸ ಮಾಡತಕ್ಕದ್ದು ಎನ್ನುತ್ತದೆ. ಇಂಗ್ಲೆಂಡಿನ 2006ರ ಕಾಯ್ದೆ ಪರಿಸರವನ್ನು ನಿರ್ದೇಶಕರು ಗಮನದಲ್ಲಿರಿಸಿಕೊಳ್ಳಬೇಕಾದ ಸಂಗತಿಗಳಲ್ಲಿ ಒಂದನ್ನಾಗಿ ಮಾಡಿದೆ ಅಷ್ಟೆ. ಅಲ್ಲಿ ಎಲೆ ಹಾಕಿರುವುದು ಷೇರುದಾರರಿಗೆ, ಉಳಿದವರು ಬಾಗಿಲ ಬಳಿ ನಿಂತವರು. ನಮ್ಮ ಕಾಯ್ದೆ ಪರಿಸರವನ್ನು ಷೇರುದಾರರ ಪಕ್ಕದಲ್ಲಿ, ಅದೇ ಪಂಕ್ತಿಯಲ್ಲಿ ಕೂರಿಸಿದೆ. 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ರಾಜಸ್ಥಾನ-ಗುಜರಾತುಗಳಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಮೊಕದ್ದಮೆಯಲ್ಲಿ ಇದೇ ಉಪಕಲಮನ್ನು ಎತ್ತಿ ತೋರಿಸಿತು. ಅದೇ ಮೊಕದ್ದಮೆಯ 2024ರ ಮಾರ್ಚ್ 21ರ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿ ಬಾಳುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಹೊಮ್ಮುವ ಹಕ್ಕೆಂದು ಒಪ್ಪಿಕೊಂಡಿತು. ಆದರೆ ಅದೇ ತೀರ್ಪಿನಲ್ಲಿ, ಸೌರವಿದ್ಯುತ್ತಿನ ಅಗತ್ಯವನ್ನು ಮುಂದಿಟ್ಟುಕೊಂಡು, ತಂತಿಗಳನ್ನು ನೆಲದಡಿಗೆ ಹಾಕಬೇಕೆಂಬ ತನ್ನ ಹಿಂದಿನ ಆದೇಶವನ್ನು ಸಡಿಲಿಸಿತು. ಹವಾಮಾನದ ಹೆಸರಿನಲ್ಲಿ ಹಕ್ಕಿಯ ಪಾಲು ಕಡಿಮೆಯಾಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಶರಾವತಿಯ ಮಾತು ಬಂದಾಗ ಬೇಕಾಗುತ್ತದೆ.

166ನೇ ಕಲಮನ್ನು ಮೀರಿದ ನಿರ್ದೇಶಕನಿಗೆ ದಂಡವೆಷ್ಟು? ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿ. ನಮ್ಮೂರಿನಲ್ಲಿ ಹಳೆಯ ಜೀಪು ಕೊಳ್ಳಲು ಇದಕ್ಕಿಂತ ಹೆಚ್ಚು ಬೇಕಾದೀತು. ಆದ್ದರಿಂದ ದಂಡದ ಭಯದಿಂದ ಈ ಕಲಂ ಜೀವ ತಳೆಯುತ್ತದೆಂಬ ಭ್ರಮೆ ಬೇಡ. ನ್ಯಾಯಾಲಯಗಳೂ ನಿರ್ದೇಶಕರ ಕುರ್ಚಿಯಲ್ಲಿ ತಾವು ಕೂರಲು ಒಪ್ಪುವುದಿಲ್ಲ. 2023ರಲ್ಲಿ ಶೆಲ್ ಕಂಪನಿಯ ನಿರ್ದೇಶಕರು ಹವಾಮಾನದ ಅಪಾಯವನ್ನು ಸರಿಯಾಗಿ ನಿಭಾಯಿಸುತ್ತಿಲ್ಲವೆಂದು ಕ್ಲೈಂಟ್‌ಅರ್ತ್ ಎಂಬ ಸಂಸ್ಥೆ, ಷೇರುದಾರನ ನೆಲೆಯಲ್ಲಿ, ಲಂಡನ್ನಿನ ಹೈಕೋರ್ಟಿಗೆ ಹೋಯಿತು. ವ್ಯವಹಾರದ ತೂಕನೋಡುವುದು ನಿರ್ದೇಶಕರಿಗೆ ಬಿಟ್ಟ ವಿಷಯವೆಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ತಕ್ಕಡಿ ಅವರ ಕೈಯಲ್ಲೇ ಇದೆ ಎಂದಾದ ಮೇಲೆ, ಅದನ್ನು ಹೇಗೆ ಹಿಡಿದಿದ್ದಾರೆಂದು ಕೇಳುವ ಕೆಲಸ ನಮ್ಮದಾಗುತ್ತದೆ.

ಬಹುತೇಕ ಮಂಡಳಿಗಳು ಈಗ ಮಾಡುತ್ತಿರುವುದನ್ನು ನೋಡಿ. ದೂರದ ಒಂದು ವರ್ಷವನ್ನು ಆರಿಸಿಕೊಂಡು, ಅಷ್ಟರೊಳಗೆ ಹೊಗೆಯ ಲೆಕ್ಕ ಸೊನ್ನೆಯಾಗುತ್ತದೆಂದು ಸಾರುತ್ತವೆ. ಆ ವರ್ಷ ಬರುವ ಹೊತ್ತಿಗೆ ಸಾರಿದವರಲ್ಲಿ ಒಬ್ಬರೂ ಕುರ್ಚಿಯಲ್ಲಿರುವುದಿಲ್ಲ. ಬ್ರಿಟನ್ನಿನ ಬಿಪಿ ತೈಲ ಕಂಪನಿ 2020ರಲ್ಲಿ, 2050ಕ್ಕೆ ಸೊನ್ನೆ ಎಂದಿತು. 2030ರೊಳಗೆ ತೈಲ ಮತ್ತು ಅನಿಲದ ಉತ್ಪಾದನೆಯನ್ನು ಶೇಕಡ 40ರಷ್ಟು ಇಳಿಸುವುದಾಗಿಯೂ ಹೇಳಿತು. ಲೋಕವೆಲ್ಲ ಚಪ್ಪಾಳೆ ತಟ್ಟಿತು. 2023ರಲ್ಲಿ ಆ 40 ಎಂಬುದು 25ಕ್ಕೆ ಇಳಿಯಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ತೈಲ-ಅನಿಲಕ್ಕೆ ಹೂಡುವ ಹಣವನ್ನೇ ಹೆಚ್ಚಿಸುವ ತೀರ್ಮಾನವಾಯಿತು. ಐದು ವರ್ಷ, ಮೂರು ಮಾತು. ತೈಲದ ಬೆಲೆ ಏರಿದೊಡನೆ ಕರಗುವ ಪ್ರತಿಜ್ಞೆಯನ್ನು ನೇತೃತ್ವವೆಂದು ಕರೆಯಲಾಗದು.

ನಮ್ಮ ದೇಶದ ಕಂಪನಿಗಳು ಬೇರೆ ದಾರಿ ಕಂಡುಕೊಂಡಿವೆ. ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ನ್ನು ಸಾಮಾಜಿಕ ಹೊಣೆಗೆ ತೆಗೆದಿಡಬೇಕು. ಆ ಎರಡು ಪಾಲಿನಲ್ಲಿ ಶಾಲೆಯ ಗೋಡೆಗೆ ಬಣ್ಣ, ಕೆರೆಯ ದಂಡೆಯಲ್ಲಿ ಸಸಿ, ಫಲಕದ ಮೇಲೆ ಕಂಪನಿಯ ಹೆಸರು. ಉಳಿದ 98 ಪಾಲನ್ನು ಹೇಗೆ ಗಳಿಸಿದಿರಿ ಎಂದು ಯಾರೂ ಕೇಳುವಂತಿಲ್ಲ! ಸೆಬಿ ಸಂಸ್ಥೆ 2022-23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರದ ಬಗ್ಗೆ ವಿವರವಾದ ವರದಿ ಕೊಡಬೇಕೆಂದು ಕಡ್ಡಾಯ ಮಾಡಿದ್ದು ಒಳ್ಳೆಯದೇ. ವಿದ್ಯಾರ್ಥಿಗಳು ಇಂಥ ಒಂದೆರಡು ವರದಿಗಳನ್ನು ತೆರೆದು ಓದಬೇಕು. ಸ್ವಂತ ಕಾರ್ಖಾನೆಯ ಹೊಗೆ, ಕೊಂಡ ವಿದ್ಯುತ್ತಿನ ಹೊಗೆ — ಈ ಎರಡು ಲೆಕ್ಕ ಅಗತ್ಯ ಭಾಗದಲ್ಲಿವೆ. ಮಾರಿದ ಸರಕು ಉರಿದಾಗ ಏಳುವ ಹೊಗೆ ಮುಂತಾದ ಮೂರನೆಯ ಬಗೆಯ ಲೆಕ್ಕವನ್ನು ಮಾತ್ರ ಐಚ್ಛಿಕ ಭಾಗದಲ್ಲಿ ಇರಿಸಲಾಯಿತು. ಸಾರಾಯಿ ಅಂಗಡಿಯವನು ತಾನು ಕುಡಿದ ಲೋಟಗಳನ್ನು ಮಾತ್ರ ಎಣಿಸಿ ವರದಿ ಕೊಟ್ಟಂತೆ.

ದೂರದ ಮಾತು ಸಾಕು. ನಮ್ಮದೇ ಅಂಗಳದ ಕಂಪನಿಗೆ ಬರೋಣ.

ಕರ್ನಾಟಕ ವಿದ್ಯುತ್ ನಿಗಮ — ನಾವೆಲ್ಲ ಕೆಪಿಸಿ ಎನ್ನುವುದು — 1970ರಲ್ಲಿ ಹುಟ್ಟಿದ ಒಂದು ಕಂಪನಿ. ಸರ್ಕಾರದ್ದಾದರೂ ಇಲಾಖೆಯಲ್ಲ. ಕಂಪನಿ ಕಾಯ್ದೆಗೆ ಒಳಪಟ್ಟ, ನಿರ್ದೇಶಕ ಮಂಡಳಿಯಿರುವ ಕಂಪನಿ. ಅದರ ಅಧ್ಯಕ್ಷ ಸ್ಥಾನದಲ್ಲಿ ಮುಖ್ಯಮಂತ್ರಿಗಳೇ ಕೂರುವುದು ರೂಢಿ. ರಾಜ್ಯದಲ್ಲಿ ಯಾರೇ ಮುಖ್ಯಮಂತ್ರಿಯಾಗಲಿ, ಆ ಕುರ್ಚಿಯಲ್ಲಿ ಕುಳಿತಾಗ ಅವರು 166ನೇ ಕಲಮಿಗೆ ಬದ್ಧರಾದ ಒಬ್ಬ ನಿರ್ದೇಶಕ. ಇದನ್ನು ಅವರಿಗೆ ಯಾರಾದರೂ ನೆನಪಿಸಿದ್ದಾರೆಯೇ?

ಈ ಕಂಪನಿಯ ಒಂದು ಕೈ ನಮ್ಮ ಶರಾವತಿ, ವಾರಾಹಿ, ಕಾಳಿ ಹೊಳೆಗಳ ಮೇಲಿದೆ. ಇನ್ನೊಂದು ಕೈ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ. ರಾಯಚೂರಿನ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಅದು ಪೂರ್ಣ ಬಲದಲ್ಲಿ ಒಂದು ತಾಸು ನಡೆದರೆ 17 ಲಕ್ಷ 20 ಸಾವಿರ ಯೂನಿಟ್. ಕಲ್ಲಿದ್ದಲಿನ ಪ್ರತಿ ಯೂನಿಟ್ಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ ಎಂದು ಹಿಡಿದರೆ ತಾಸಿಗೆ 1,700 ಟನ್. ಶಾಲೆಯ ಮಕ್ಕಳೂ ಮಾಡಬಹುದಾದ ಗುಣಾಕಾರ. ಅದೇ ಕಂಪನಿಯ ಜಲವಿದ್ಯುತ್ತಿಗೆ ಮಳೆಯೇ ಕಚ್ಚಾವಸ್ತು. ಒಂದು ಕೈಯಿಂದ ಸುಟ್ಟ ಕಲ್ಲಿದ್ದಲು ಇನ್ನೊಂದು ಕೈಯ ಮಳೆಯನ್ನು ಕೆಡಿಸುತ್ತಿದೆ. 2023ರಂತೆ ಜಲಾಶಯ ತುಂಬದ ವರ್ಷದಲ್ಲಿ ಕಲ್ಲಿದ್ದಲನ್ನೇ ಇನ್ನಷ್ಟು ಸುಡಬೇಕಾಗುತ್ತದೆ. ಪರಿಸರದ ಮಾತನ್ನು ಬದಿಗಿಟ್ಟು ಕೇವಲ ವ್ಯಾಪಾರದ ದೃಷ್ಟಿಯಿಂದ ನೋಡಿದರೂ, ಮಂಡಳಿಯ ಪ್ರತಿ ಸಭೆಯ ಮೊದಲ ವಿಷಯ ಇದೇ ಆಗಬೇಕಿತ್ತು.

ಬದಲಿಗೆ ಹವಾಮಾನದ ಹೆಸರು ನಮ್ಮೂರಿಗೆ ಬಂದದ್ದು ಯಾವ ವೇಷದಲ್ಲಿ? ಶರಾವತಿ ಅಂತರ್ಗತ ಭೂಗತ ವಿದ್ಯುದಾಗಾರದ ವೇಷದಲ್ಲಿ. ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಇಂಥ ವ್ಯವಸ್ಥೆಯಲ್ಲಿ ನೂರು ಯೂನಿಟ್ ಒಳಗೆ ಹಾಕಿದರೆ ಹೊರಗೆ ಬರುವುದು ಎಪ್ಪತ್ತೈದು-ಎಂಬತ್ತು. ಅದು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ. ಕೂಡಿಡುವುದು ಅನಗತ್ಯವೆಂದು ನಾವು ಹೇಳುತ್ತಿಲ್ಲ. ಸೂರ್ಯ ಮುಳುಗಿದ ಮೇಲೂ ದೀಪ ಬೇಕು. ಆದರೆ ಈ ಕಣಜಕ್ಕೆ ಆರಿಸಿಕೊಂಡ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಯೋಜನೆಯದೇ ಲೆಕ್ಕದಂತೆ 16 ಸಾವಿರಕ್ಕೂ ಹೆಚ್ಚು ಮರಗಳು ಹೋಗುತ್ತವೆ. 2025ರ ಜೂನಿನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಸಾಗರ ಮತ್ತು ಹೊನ್ನಾವರ ತಾಲೂಕಿನ ಜನ ತಮ್ಮ ವಿರೋಧವನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ನಾವು ಮಂಡಳಿಯನ್ನು ಕೇಳುತ್ತೇವೆ. ಆ ಅಹವಾಲುಗಳು ನಿಮ್ಮ ಮೇಜಿನ ಮೇಲೆ ಬಂದವೆ? ಬಂದಿದ್ದರೆ, ಯಾವ ನಿರ್ದೇಶಕರು ಯಾವ ಮಾತು ಆಡಿದರು? ಪಂಪನ್ನು ತಿರುಗಿಸುವುದು ಪಾವಗಡದ ಬಿಸಿಲೋ, ರಾಯಚೂರಿನ ಕಲ್ಲಿದ್ದಲೋ? ಯೋಜನೆ ರೂಪುಗೊಂಡಾಗ ಇದ್ದ ಬ್ಯಾಟರಿಯ ಬೆಲೆಗೂ ಈಗಿನ ಬೆಲೆಗೂ ಅಜಗಜಾಂತರವಿದೆ. 2022ರ ಟೆಂಡರುಗಳಿಗೆ ಹೋಲಿಸಿದರೆ 2025ರ ಹೊತ್ತಿಗೆ ದರಗಳು ಗಣನೀಯವಾಗಿ ಇಳಿದಿವೆ. ಆ ಹೊಸ ದರವನ್ನಿಟ್ಟು ಲೆಕ್ಕವನ್ನು ಮರಳಿ ಹಾಕಿಸಿದಿರಾ? ಬಿರುಸಾಗುತ್ತಿರುವ ಮಳೆಯಲ್ಲಿ, ಇಷ್ಟು ಕಡಿದಾದ ಘಟ್ಟದೊಳಗೆ ಸುರಂಗ ಕೊರೆದರೆ ಧರೆ ಏನಾಗುತ್ತದೆಂದು ಶಿರೂರಿನ ನಂತರ ಯಾರನ್ನಾದರೂ ಕೇಳಿದಿರಾ? ಮರ ಕಡಿದು ಹವಾಮಾನ ಉಳಿಸುವ ಈ ಲೆಕ್ಕದಲ್ಲಿ ಕಾಡು ಹೀರಿಕೊಳ್ಳುವ ಇಂಗಾಲ ಯಾವ ಕಲಮಿನಲ್ಲಿದೆ — ಖರ್ಚಿನಲ್ಲೋ, ಅಥವಾ ಎಲ್ಲಿಯೂ ಇಲ್ಲವೋ? ಹಕ್ಕಿಯ ಮೊಕದ್ದಮೆಯನ್ನು ನೆನಪಿಡಿ ಎಂದದ್ದು ಇದಕ್ಕೇ. ಪರಿಸರದ ರಕ್ಷಣೆ ಎಂದು ಕಾಯ್ದೆ ಹೇಳಿದೆಯೇ ಹೊರತು, ಪರಿಸರದ ಒಂದು ಭಾಗವನ್ನು ಇನ್ನೊಂದಕ್ಕೆ ಅಡವಿಡಲು ಹೇಳಿಲ್ಲ.

‘ಸರ್ಕಾರಿ ಕಂಪನಿಯ ನಿರ್ದೇಶಕರಿಂದ ಏನಾದೀತು? ಮೇಲಿನಿಂದ ಬಂದದ್ದಕ್ಕೆ ರುಜು ಹಾಕುವವರು’ ಎಂದು ಕೆಲವರು ಹೇಳುತ್ತಾರೆ. ಡೆನ್ಮಾರ್ಕಿನ ಕತೆಯನ್ನು ಕೇಳಿ. ಅಲ್ಲಿನ ಡಾಂಗ್ ಎಂಬ ತೈಲ-ಕಲ್ಲಿದ್ದಲು ಕಂಪನಿಯಲ್ಲಿ ಸರ್ಕಾರದ್ದೇ ಹೆಚ್ಚಿನ ಪಾಲು. ಅದು ಜರ್ಮನಿಯ ಬಾಲ್ಟಿಕ್ ಕರಾವಳಿಯ ಲುಬ್ಮಿನ್ ಎಂಬ ಊರಿನಲ್ಲಿ ಸುಮಾರು 1,600 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿತ್ತು. ಊರವರು ಬಿಡಲಿಲ್ಲ. 2009ರ ಕೊನೆಯಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಮುಖ್ಯವಾದದ್ದು ಅದಲ್ಲ. ಆ ವಿರೋಧದಿಂದ ಕಂಪನಿಯ ಮುಖ್ಯಸ್ಥರು ಪಾಠ ಕಲಿತರು. ಆಗ ಶೇಕಡ 85ರಷ್ಟು ವಿದ್ಯುತ್ತು ಕಲ್ಲಿದ್ದಲು ಮುಂತಾದ ಇಂಧನಗಳಿಂದ ಬರುತ್ತಿತ್ತು. 2040ರೊಳಗೆ ಅದನ್ನು ತಿರುವುಮುರುವು ಮಾಡುವ ಗುರಿ ಇಟ್ಟುಕೊಂಡು, ಹಣವನ್ನೆಲ್ಲ ಸಮುದ್ರದ ಗಾಳಿಯಂತ್ರಗಳ ಕಡೆ ತಿರುಗಿಸಿದರು. 2017ರಲ್ಲಿ ತೈಲ-ಅನಿಲದ ವ್ಯವಹಾರವನ್ನು ಮಾರಿ, ಹೆಸರನ್ನೂ ಓರ್ಸ್ಟೆಡ್ ಎಂದು ಬದಲಿಸಿಕೊಂಡರು. 2040ರ ಗುರಿ 2019ರಲ್ಲೇ ತಲುಪಿತು. 2024ರಲ್ಲಿ ಅದರ ಕೊನೆಯ ಕಲ್ಲಿದ್ದಲು ಸ್ಥಾವರ ನಿಂತಿತು.

ಆ ಕಂಪನಿಯನ್ನು ನಾವು ಪೂಜಿಸುತ್ತಿಲ್ಲ. ಕಲ್ಲಿದ್ದಲನ್ನು ಬಿಟ್ಟಾಗ ಕೆಲವು ಸ್ಥಾವರಗಳಲ್ಲಿ ಅದು ಸುಟ್ಟದ್ದು ಮರದ ಪುಡಿಯ ಉಂಡೆಗಳನ್ನು. ಕಾಡಿನವರಾದ ನಮಗೆ ಇದು ಹಿತವಾದ ಸುದ್ದಿಯಲ್ಲ. 2023ರಲ್ಲಿ ಅಮೆರಿಕದ ಗಾಳಿ ಯೋಜನೆಗಳಲ್ಲಿ ಭಾರಿ ನಷ್ಟವನ್ನೂ ಅನುಭವಿಸಿತು. ಆದರೂ ಒಂದು ಮಾತು ಉಳಿಯುತ್ತದೆ. ಸರ್ಕಾರದ ಪಾಲಿರುವ ಕಂಪನಿಯೊಂದು, ಊರವರ ವಿರೋಧವನ್ನು ಕಾನೂನು-ಸುವ್ಯವಸ್ಥೆಯ ಸಮಸ್ಯೆಯೆಂದು ನೋಡದೆ ವ್ಯವಹಾರದ ಎಚ್ಚರಿಕೆಯೆಂದು ಓದಿಕೊಂಡಿತು. ಬಿಪಿ ಮಾಡಿದ್ದು ಘೋಷಣೆ; ಇವರು ಬದಲಿಸಿದ್ದು ಹಣದ ದಾರಿ.

ನಿರ್ದೇಶಕನ ನೇತೃತ್ವವನ್ನು ಅಳೆಯಬೇಕಾದದ್ದು ಆ ದಾರಿಯಲ್ಲಿಯೇ. ಬಂಡವಾಳದ ಯಾವುದೇ ಪ್ರಸ್ತಾವ ಮುಂದೆ ಬಂದಾಗ, ಇದರ ಹೊಗೆಯೆಷ್ಟು, ಕಾಡೆಷ್ಟು, ಇಪ್ಪತ್ತು ವರ್ಷದ ನಂತರದ ಮಳೆಯಲ್ಲಿ ಇದು ನಿಲ್ಲುತ್ತದೆಯೇ, ಪರ್ಯಾಯವೇನು ಎಂದು ಕೇಳಿ, ಉತ್ತರ ಬರುವ ತನಕ ರುಜು ಹಾಕದಿರುವುದು. ಕಂಪನಿಯ ಮುಖ್ಯಸ್ಥನ ಸಂಬಳದ ಏರಿಕೆಯನ್ನು ಉತ್ಪಾದನೆಗೆ ಮಾತ್ರ ಕಟ್ಟದೆ ಹೊಗೆಯ ಇಳಿಕೆಗೂ ಕಟ್ಟುವುದು. ಅಹವಾಲು ಸಭೆಗೆ ಎಂಜಿನಿಯರನ್ನು ಮಾತ್ರ ಕಳುಹಿಸದೆ ತಾನೇ ಬಂದು ಒಂದು ದಿನ ಕಾರ್ಗಲ್ಲಿನ ಬೆಂಚಿನ ಮೇಲೆ ಕೂರುವುದು. ಒಪ್ಪಿಗೆಯಾಗದಿದ್ದರೆ ಸುಮ್ಮನೆ ತಲೆಯಾಡಿಸಿ ಹೊರಬಂದು ಆಮೇಲೆ ಆಪ್ತರೊಡನೆ ಗೊಣಗದೆ, ತನ್ನ ಆಕ್ಷೇಪವನ್ನು ಬರೆಯಿಸುವುದು. ಈ ಕೊನೆಯದು ಬರಿಯ ನೀತಿಪಾಠವಲ್ಲ. ಕಂಪನಿ ಕಾಯ್ದೆಯ ನಾಲ್ಕನೆಯ ಅನುಸೂಚಿ ಸ್ವತಂತ್ರ ನಿರ್ದೇಶಕರಿಗೆ ಸ್ಪಷ್ಟವಾಗಿ ಹೇಳಿದೆ: ನಿಮ್ಮ ಆತಂಕ ಬಗೆಹರಿಯದಿದ್ದರೆ, ಅದನ್ನು ನಡವಳಿಯಲ್ಲಿ ದಾಖಲಿಸಲೇಬೇಕೆಂದು ಪಟ್ಟುಹಿಡಿಯಿರಿ. 166ನೇ ಕಲಮಿನ ಮೂರನೆಯ ಉಪಕಲಂ ಎಲ್ಲ ನಿರ್ದೇಶಕರೂ ಸ್ವತಂತ್ರ ವಿವೇಚನೆಯನ್ನು ಬಳಸತಕ್ಕದ್ದು ಎನ್ನುತ್ತದೆ. ಮಂಡಳಿಯಲ್ಲಿ ಕೂತ ಐಎಎಸ್ ಅಧಿಕಾರಿಗೆ ಇದರಿಂದ ವಿನಾಯಿತಿ ಇದೆಯೆಂದು ಆ ಉಪಕಲಮಿನಲ್ಲಿ ನಮಗೆಲ್ಲೂ ಕಾಣಲಿಲ್ಲ.

ರಾಜ್ಯಕ್ಕೆ ವಿದ್ಯುತ್ ಬೇಡವೇ ಎಂಬ ಪ್ರಶ್ನೆಯನ್ನು ನಾವು 1980ರ ದಶಕದ ಆರಂಭದಿಂದಲೂ ಕೇಳುತ್ತ ಬಂದಿದ್ದೇವೆ. ಆಗ ಬೇಡ್ತಿ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ಮುಂದೆ ನಿಂತು, ವಿಜ್ಞಾನಿಗಳನ್ನು ಕರೆಸಿ, ಮುಳುಗುವ ತೋಟ ಮತ್ತು ಕಾಡನ್ನು ಖರ್ಚಿನ ಕಲಮಿಗೆ ಸೇರಿಸಿ ಯೋಜನೆಯ ಲಾಭ-ನಷ್ಟವನ್ನು ಮರಳಿ ಲೆಕ್ಕ ಹಾಕಿಸಿತು. ಘೋಷಣೆ ಕೂಗಿದವರೂ ಇದ್ದರು. ಆದರೆ ಸರ್ಕಾರದ ಲೆಕ್ಕವನ್ನು ಅಲುಗಿಸಿದ್ದು ಆ ಮರುಲೆಕ್ಕ. ಒಂದು ಸಹಕಾರಿ ಸಂಘದ ಮಂಡಳಿ ತನ್ನ ಸದಸ್ಯರ ನೆಲ-ನೀರಿಗಾಗಿ ಮಾಡಿದ ಕೆಲಸ ಅದು. ದೊಡ್ಡ ಕಂಪನಿಗಳ ಮಂಡಳಿಗಳಿಗೆ ಹಣ, ತಜ್ಞರು, ಕಾನೂನು ಎಲ್ಲವೂ ಇದ್ದು ಅಷ್ಟನ್ನು ಮಾಡಲಾಗದೇ?

ಓದುಗರು ಮಾಡಬಹುದಾದದ್ದೂ ಇದೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಸಭೆಗೆ ಹೋಗಬಹುದು, ಪ್ರಶ್ನೆ ಕೇಳಬಹುದು. ನಾಲ್ಕೈದು ವಿದ್ಯಾರ್ಥಿಗಳು ಕೂಡಿ ಚಹಾದ ಖರ್ಚಿನಲ್ಲಿ ಕೊಳ್ಳಬಹುದಾದ ಷೇರುಗಳೂ ಇವೆ. ಮಂಡಳಿಯ ನಡವಳಿಯನ್ನು ಷೇರುದಾರರಿಗೂ ತೋರಿಸಬೇಕೆಂಬ ನಿಯಮವಿಲ್ಲ. ಆದರೆ ಕೆಪಿಸಿ ಸರ್ಕಾರದ ಕಂಪನಿಯಾದ್ದರಿಂದ 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ವ್ಯಾಪಾರದ ಗುಟ್ಟೆಂದು ನಿರಾಕರಿಸಲು ನೋಡಬಹುದು. ಆಗ ಸಾರ್ವಜನಿಕ ಹಿತವನ್ನು ಮುಂದಿಟ್ಟು ಮೇಲ್ಮನವಿ ಹೋಗಬೇಕು. ಅದರ ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರಬೇಕಾದದ್ದು. ನಮ್ಮ ಶಾಸಕರು ಅದನ್ನು ಓದುತ್ತಾರೆಯೇ ಎಂದು ಮುಂದಿನ ಬಾರಿ ಅವರು ಊರಿನ ಸೇತುವೆ ಉದ್ಘಾಟನೆಗೆ ಬಂದಾಗ ಕೇಳಿ.

ನಮ್ಮ ಬಳಗದ ಅರ್ಜಿಯಲ್ಲಿ ಮೂರು ವಿಷಯಗಳಿವೆ: ಶರಾವತಿ ಯೋಜನೆಗೆ ಒಪ್ಪಿಗೆ ನೀಡಿದ ಮಂಡಳಿ ಸಭೆಯ ನಡವಳಿ, ಪರ್ಯಾಯಗಳನ್ನು ತುಲನೆ ಮಾಡಿದ ಟಿಪ್ಪಣಿ, ಇದ್ದರೆ, ಹವಾಮಾನದ ಅಪಾಯದ ಬಗ್ಗೆ ಕಳೆದ ಐದು ವರ್ಷಗಳಲ್ಲಿ ಮಂಡಳಿಯಲ್ಲಿ ನಡೆದ ಚರ್ಚೆಯ ದಾಖಲೆ. ಪ್ರತಿ ಗ್ರಾಮದಿಂದ ಒಂದು ಅರ್ಜಿ ಹೋಗಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಬೇಕು. ಅರ್ಜಿಯ ಮಾದರಿ ಬೇಕಾದವರು ಬಳಗದ ಕಾರ್ಯಕರ್ತರಲ್ಲಿ ಕೇಳಿ ಪಡೆಯಬಹುದು. ಬಂದ ಉತ್ತರಗಳನ್ನು, ಬಾರದ ಉತ್ತರಗಳ ಪಟ್ಟಿಯನ್ನೂ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.